ದುಬಾರಿ ಡೀಸೆಲ್, ನಲವತ್ತು ಬಕೆಟ್ ಹಿಟ್ಟು

ಹಳದಿ ದೀಪ ಹೊತ್ತಿಕೊಂಡದ್ದು ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನಲ್ಲಿ, ಶಾಲೆಯ ಹತ್ತಿರದ ರೌಂಡ್‌ಅಬೌಟ್ ತಿರುಗುವಾಗ. ವ್ಯಾನಿನ ಹಿಂದೆ ನಲವತ್ತು ಬಕೆಟ್ ದೋಸೆ ಹಿಟ್ಟಿತ್ತು. ದೀಪದಲ್ಲಿ ಒಂದು ಡಬ್ಬಿಯ ಚಿತ್ರ, ಡಬ್ಬಿಯೊಳಗೆ ಚುಕ್ಕೆಗಳು. ಅದರ ಅರ್ಥ ನನಗೆ ಗೊತ್ತಾಗಲಿಲ್ಲ. ಗೊತ್ತಿದ್ದವಳು ಹೋಗಿ ನಾಲ್ಕು ತಿಂಗಳಾಗಿತ್ತು.

ನಮ್ಮ ಮನೆಯಲ್ಲಿ ನಾನು ಹಿಟ್ಟಿನವನು, ನನ್ನ ಹೆಂಡತಿ ಗಾಡಿಯವಳು. ಈಸ್ಟ್ ತಮಾಕಿಯ ಶೆಡ್ಡುಗಳ ಸಾಲಿನಲ್ಲಿ ಒಂದು ಬಾಡಿಗೆ ಅಡುಗೆಮನೆ ಹಿಡಿದಿದ್ದೆವು. ಮಧ್ಯಾಹ್ನ ಅಕ್ಕಿ, ಉದ್ದು ನೆನೆಹಾಕಿ ಸಂಜೆ ರುಬ್ಬುವುದು, ಹದವಾದ ಬಿಸಿಯಲ್ಲಿ ಉಬ್ಬಿಸಿ ಬಕೆಟ್ಟಿಗೆ ತುಂಬುವುದು ನನ್ನ ಪಾಲು. ಬೆಳಿಗ್ಗೆ ಅವನ್ನು ಅಂಗಡಿಗಳಿಗೆ ಮುಟ್ಟಿಸುವುದು ಅವಳ ಪಾಲು. ಹನ್ನೆರಡು ವರ್ಷ ಅವಳು ಆ ಸುತ್ತು ಹೊಡೆದಳು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ, ಏಳು ವರ್ಷದ ಹಿಂದೆ ಈ ವ್ಯಾನ್ ತಂದ ಹೊಸತರಲ್ಲಿ, ಬ್ರೇಕ್ ಹಾಕಿದಾಗ ನಾಲ್ಕು ಬಕೆಟ್ ಚೆಲ್ಲಿತೆಂದು ಹೇಳಿದ್ದಳು. ಉಳಿದಂತೆ ಒಂದು ತೊಟ್ಟೂ ಹಾಳಾಗಿರಲಿಲ್ಲ.

ಅವಳು ವ್ಯಾನಿಗೆ ಹಾಕಿಸುತ್ತಿದ್ದದ್ದು ಪ್ರೀಮಿಯಂ ಡೀಸೆಲ್ ಮಾತ್ರ. ಪಕ್ಕದಲ್ಲೇ ಸಾಮಾನ್ಯ ಡೀಸೆಲ್ ಇದ್ದರೂ, ಲೀಟರಿಗೆ ಅಷ್ಟು ಸೆಂಟು ಹೆಚ್ಚು ಕೊಟ್ಟು ಅದನ್ನೇ ಹಾಕಿಸುತ್ತಿದ್ದಳು. ಯಾಕೆ ಎಂದು ಕೇಳಿದರೆ, "ಗಾಡಿಗೆ ಒಳ್ಳೇದು ಬಿಡಿ" ಎಂದು ಮಾತು ಮುಗಿಸುತ್ತಿದ್ದಳು. ಹಿಟ್ಟಿನ ವಿಷಯಕ್ಕೆ ಅವಳು ಬಾಯಿ ಹಾಕುತ್ತಿರಲಿಲ್ಲ, ಗಾಡಿಯ ವಿಷಯಕ್ಕೆ ನಾನು ಹಾಕುತ್ತಿರಲಿಲ್ಲ.

ಅವಳು ಬಿದ್ದದ್ದು ಊರಿನ ಇನ್ನೊಂದು ತುದಿಯ ನ್ಯೂ ಲಿನ್‌ನಲ್ಲಿ, ಒಂದು ಅಂಗಡಿಯ ಹಿಂಬಾಗಿಲ ಬಳಿ, ಬಕೆಟ್ ಇಳಿಸುವಾಗ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಆ ಹೊತ್ತಿನಲ್ಲಿ ನಾನು ಗ್ರೈಂಡರಿನ ಕಲ್ಲು ತೊಳೆಯುತ್ತಿದ್ದೆ.

ತಿಂಗಳು ಕಳೆದ ಮೇಲೆ ನಾನೇ ವ್ಯಾನ್ ಹತ್ತಿದೆ. ಹತ್ತಿದ ವಾರದಲ್ಲೇ ಎರಡು ಬದಲಾವಣೆ ಮಾಡಿದೆ. ಮೊದಲನೆಯದು, ನ್ಯೂ ಲಿನ್ ಕಡೆಯ ಎರಡು ಅಂಗಡಿಗಳನ್ನು ಬಿಟ್ಟೆ. ಸದ್ಯಕ್ಕೆ ಆಗುವುದಿಲ್ಲ ಎಂದು ಫೋನಿನಲ್ಲಿ ಹೇಳಿದೆ. ಅವರು ಕಾರಣ ಕೇಳಲಿಲ್ಲ. ನನ್ನ ಸುತ್ತು ಫ್ಲ್ಯಾಟ್ ಬುಷ್ ಮತ್ತು ಅದರ ಆಸುಪಾಸಿನ ಅಂಗಡಿಗಳಿಗೆ ಮುಗಿಯತೊಡಗಿತು. ಎರಡನೆಯದು ಮಗಳ ಮಾತು ಕೇಳಿ ಮಾಡಿದ್ದು. ಅವಳು ಇಲ್ಲೇ ಹುಟ್ಟಿದವಳು, ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬಂಕಿನ ರಸೀದಿ ನೋಡಿ ಹುಬ್ಬೇರಿಸಿದಳು.

"ಅಪ್ಪಾ, ಪ್ರೀಮಿಯಂ ಈಸ್ ಜಸ್ಟ್ ಮಾರ್ಕೆಟಿಂಗ್. ಅಮ್ಮ ಗಾಟ್ ಕನ್ನಡ್."

"ಕನ್ನಡ್ ಅಂದ್ರೆ?"

"ಮೋಸ ಹೋದ್ರು ಅಂತ."

"ನಿಮ್ಮಮ್ಮ ತರಕಾರಿ ಅಂಗಡೀಲಿ ಒಂದು ಟೊಮೇಟೊಗೂ ಮೋಸ ಹೋದವಳಲ್ಲ" ಎಂದೆ. ಆದರೂ ಮರುದಿನದಿಂದ ಸಾಮಾನ್ಯ ಡೀಸೆಲ್ ಹಾಕಿಸಿದೆ.

ಆಮೇಲೆ ದೀಪ ಬಂತು. ನನಗೆ ಹೊಳೆದದ್ದು ಒಂದೇ ಕಾರಣ. ಹೆಂಡತಿ ಏಳು ವರ್ಷ ಕಾಪಾಡಿಕೊಂಡು ಬಂದ ಗಾಡಿಯ ಆಹಾರವನ್ನು ನಾನು ತಪ್ಪಿಸಿದೆ, ಅದು ಕಾಯಿಲೆ ಬಿದ್ದಿತು. ಅಂದು ಸುತ್ತು ಮುಗಿಸಿ ನೇರವಾಗಿ ಎರಡೂ ಡೀಸೆಲ್ ಸಿಗುವ ಬಂಕಿಗೆ ಹೋಗಿ ಪ್ರೀಮಿಯಂ ತುಂಬಿಸಿದೆ. ಮಗಳಿಗೆ ಹೇಳಲಿಲ್ಲ. ಎರಡು ದಿನ ಬಿಟ್ಟು ದೀಪ ಆರಿತು. ಹೆಂಡತಿಯ ಫೋಟೋದ ಮುಂದೆ ನಿಂತು, ತಪ್ಪಾಯ್ತು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಮುಂದಿನ ವಾರ ದೀಪ ಮತ್ತೆ ಬಂತು. ಟ್ಯಾಂಕಿನಲ್ಲಿ ಇದ್ದದ್ದು ಪ್ರೀಮಿಯಮ್ಮೇ.

ಅದೇ ಹೊತ್ತಿಗೆ ನಮ್ಮಂಥ ಸಣ್ಣ ತಯಾರಕರ ಸರಕು ಹಂಚುವ ವ್ಯಾಪಾರಿಯೊಬ್ಬರು ಬಂದರು. ನಮ್ಮ ಅಂಗಡಿಗಳ ಸುತ್ತನ್ನು ತಾವೇ ವಹಿಸಿಕೊಳ್ಳುತ್ತೇವೆ, ನೀವು ಹಿಟ್ಟು ಮಾಡಿಕೊಟ್ಟರೆ ಸಾಕು, ಸೆಪ್ಟೆಂಬರ್ ಕೊನೆಯೊಳಗೆ ಹೇಳಿ ಎಂದರು. ಮಾತು ಮರ್ಯಾದೆಯಿಂದಲೇ ಇತ್ತು. ಮಗಳಿಗೂ ಅದೇ ಸರಿ ಎನಿಸಿತು. ಅರವತ್ತು ದಾಟಿದ ಮೇಲೆ ಅಪ್ಪ ಬಕೆಟ್ ಹೊರುವುದು ಅವಳಿಗೆ ಬೇಡವಾಗಿತ್ತು. ಬೇಡ ಎನ್ನಲು ನನ್ನಲ್ಲೂ ಕಾರಣಗಳಿರಲಿಲ್ಲ. ಆದರೆ ಆ ಸುತ್ತು ನನ್ನ ಹೆಂಡತಿಯದು. ಅವಳ ಸೀರೆಗಳನ್ನು ಕೊಟ್ಟಾಗಿತ್ತು, ಚಪ್ಪಲಿ ಕೊಟ್ಟಾಗಿತ್ತು. ಬೆಳಿಗ್ಗೆ ಅವಳ ಸೀಟಿನಲ್ಲಿ ಕೂತು ಅವಳ ದಾರಿಯಲ್ಲಿ ಹೋಗುವುದೊಂದು ಉಳಿದಿತ್ತು. ಗಾಡಿ ನಿಂತರೆ ಅದೂ ಹೋಗುತ್ತಿತ್ತು. ಇನ್ನೊಂದು ಗಾಡಿ ಕೊಳ್ಳುವ ಶಕ್ತಿ ನಮಗಿರಲಿಲ್ಲ.

ಹಿಟ್ಟು ಕೆಟ್ಟಾಗ ನಾನು ಪಾಲಿಸುವ ಒಂದು ಕ್ರಮವಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಉದ್ದು ಬದಲಿಸಿದರೆ ಅಕ್ಕಿ ಅದೇ ಇರಬೇಕು, ನೀರು ಅದೇ ಇರಬೇಕು, ಬಿಸಿ ಅದೇ ಇರಬೇಕು. ಆಗಲೇ ದೋಷ ಯಾರದ್ದೆಂದು ಗೊತ್ತಾಗುವುದು. ಡೀಸೆಲನ್ನೂ ಹಾಗೇ ನೋಡೋಣ ಎಂದು ಹೊರಟೆ. ಅವಳ ಡೀಸೆಲ್ ಆ ದುಡ್ಡಿಗೆ ತಕ್ಕದ್ದೋ ಅಲ್ಲವೋ, ನನಗೆ ಸರಿಯಾದ ಉತ್ತರ ಬೇಕಿತ್ತು. ನಿಜ ಹೇಳಬೇಕೆಂದರೆ, ಅವಳೇ ಸರಿ ಎಂಬ ಉತ್ತರ ಬೇಕಿತ್ತು.

ವಿಧಾನ ಸರಳ. ಸೋಮವಾರ ಬೆಳಿಗ್ಗೆ, ಬಕೆಟ್ ತುಂಬಿಸಿಕೊಂಡು ಹೊರಟ ಮೇಲೆ, ಅದೇ ಬಂಕಿನ ಅದೇ ಪಂಪಿನಲ್ಲಿ ಟ್ಯಾಂಕಿನ ಬಾಯಿಯವರೆಗೆ ತುಂಬಿಸುವುದು. ಕಿಲೋಮೀಟರ್ ಬರೆದುಕೊಳ್ಳುವುದು. ವಾರವಿಡೀ ಅದೇ ಸುತ್ತು. ಮುಂದಿನ ಸೋಮವಾರ ಮತ್ತೆ ಬಾಯಿಯವರೆಗೆ ತುಂಬಿಸಿ, ಎಷ್ಟು ಲೀಟರ್ ಹಿಡಿಯಿತು ಎಂದು ನೋಡುವುದು. ಟೈರಿನ ಗಾಳಿ ಪ್ರತಿ ವಾರ ಅಷ್ಟೇ ಇರಬೇಕು, ಬಕೆಟ್ಟುಗಳ ಸಂಖ್ಯೆ ಅಷ್ಟೇ ಇರಬೇಕು. ಮೂರು ವಾರ ಪ್ರೀಮಿಯಂ, ಮೂರು ವಾರ ಸಾಮಾನ್ಯ. ಮಗಳಿಗೆ ಹೇಳಿದಾಗ ಅವಳು ನಗಲಿಲ್ಲ. ಎರಡರ ನಡುವೆ ಒಂದು ವಾರ ಲೆಕ್ಕಕ್ಕೆ ಹಿಡಿಯಬೇಡ, ಹಳೆಯದು ಟ್ಯಾಂಕಿನಲ್ಲಿ ಬೆರೆತಿರುತ್ತದೆ ಎಂದು ತಿದ್ದಿದಳು. ಅಮ್ಮ ಹೋದ ಮೇಲೆ ನಾವಿಬ್ಬರೂ ಒಂದು ವಿಷಯದ ಮೇಲೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಪ್ರೀಮಿಯಂ ವಾರಗಳು ಸಲೀಸಾಗಿ ಕಳೆದವು. ಸಾಮಾನ್ಯ ಡೀಸೆಲಿನ ಮೊದಲ ಸೋಮವಾರವೇ ತೊಡಕು ಬಂತು. ಮೊದಲು ಸುತ್ತು ಮುಗಿಸಿ ಅರ್ಧ ಟ್ಯಾಂಕಷ್ಟೇ ಹಾಕಿಸುತ್ತಿದ್ದವನಿಗೆ ಗೊತ್ತೇ ಆಗಿರಲಿಲ್ಲ, ಬಾಯಿಯವರೆಗೆ ತುಂಬಿಸಲು ಹೋದರೆ ನೊರೆ. ಹುಳಿ ಬಂದ ಹಿಟ್ಟಿನ ಹಾಗೆ ಟ್ಯಾಂಕಿನ ಕತ್ತಿನಲ್ಲಿ ಉಬ್ಬಿ ಬರುತ್ತದೆ, ನಾಜಲ್ ಟಕ್ ಎಂದು ನಿಂತುಬಿಡುತ್ತದೆ. ನೊರೆ ಇಳಿಯುವ ತನಕ ಕಾದು ಇನ್ನಷ್ಟು ಬಿಡಬೇಕು, ಮತ್ತೆ ಟಕ್. ನಮ್ಮ ವ್ಯಾನಿನ ಟ್ಯಾಂಕಿನ ಕತ್ತು ಸೊಟ್ಟಗಿದೆ, ಅದಕ್ಕೆ ಇನ್ನೂ ಹೆಚ್ಚು. ಒಂದು ಸಲ ನೊರೆ ಹೊರಗೆ ಉಕ್ಕಿ ಕೈ ಮೇಲೆ, ಅಂಗಿಯ ತೋಳಿನ ಮೇಲೆ ಬಿತ್ತು. ಅಲ್ಲೇ ಇದ್ದ ಕಾಗದದಲ್ಲಿ ಒರೆಸಿಕೊಂಡು ಹೊರಟೆ.

ಅಂದು ಎರಡನೆಯ ಅಂಗಡಿಯವರು ಬಕೆಟ್ಟಿನ ಮುಚ್ಚಳ ತೆಗೆದು ಮೂಗು ಹಿಂದಕ್ಕೆ ಎಳೆದುಕೊಂಡರು. ಅವರು ಬೆಂಗಳೂರಿನವರು, ಮಾತು ಜಾಸ್ತಿ.

"ಏನ್ ಸಾರ್, ಸೀಮೆಎಣ್ಣೆ ದೋಸೆ ಮಾಡ್ತಿದೀರಾ?"

"ಹಿಟ್ಟಲ್ಲ ಸ್ವಾಮಿ, ಮುಚ್ಚಳ. ನನ್ನ ಕೈದು."

"ಕಸ್ಟಮರ್‌ಗೆ ನಿಮ್ ಕೈ ಅಂತ ಹೇಳಕ್ಕಾಗುತ್ತಾ? ಮೂರು ತಗೊಂಡೋಗಿ. ಬೇಜಾರ್ ಮಾಡ್ಕೋಬೇಡಿ."

ಮೂರು ಬಕೆಟ್ ವಾಪಸು ಬಂದವು. ಹನ್ನೆರಡು ವರ್ಷದಲ್ಲಿ ನನ್ನ ಹಿಟ್ಟು ವಾಪಸು ಬಂದದ್ದು ಅದೇ ಮೊದಲು ಎಂದುಕೊಂಡೆ. ಮಧ್ಯಾಹ್ನ ಊಟ ಸೇರಲಿಲ್ಲ. ಸಂಜೆ ಮಗಳು ಬಾಗಿಲಲ್ಲೇ, "ಅಪ್ಪಾ, ಯು ಸ್ಮೆಲ್ ಲೈಕ್ ಎ ಟ್ರಕ್" ಎಂದಳು. ಮುಂದಿನ ವಾರದಿಂದ ಬಂಕಿನಲ್ಲಿ ಇಟ್ಟಿರುವ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡೆ. ಕೈ ಉಳಿಯಿತು, ತೋಳು ಉಳಿಯಲಿಲ್ಲ. ಬಕೆಟ್ಟನ್ನು ಎದೆಗೆ ಅವಚಿಕೊಂಡೇ ಇಳಿಸಬೇಕಾದ್ದರಿಂದ ಅಂಗಿಯ ವಾಸನೆಯೂ ಸಾಕಾಗುತ್ತಿತ್ತು.

ಫಲಿತಾಂಶ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಚೀಟಿ ಹರಡಿಕೊಂಡು ಇಬ್ಬರೂ ಕೂತೆವು. ನೂರು ಕಿಲೋಮೀಟರಿಗೆ ಹತ್ತು ಲೀಟರಿನ ಆಚೀಚೆ, ಎಲ್ಲ ವಾರವೂ. ಪ್ರೀಮಿಯಂನ ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ಇದ್ದ ವ್ಯತ್ಯಾಸ, ಪ್ರೀಮಿಯಂಗೂ ಸಾಮಾನ್ಯಕ್ಕೂ ಇದ್ದ ವ್ಯತ್ಯಾಸಕ್ಕಿಂತ ಹೆಚ್ಚಾಗಿತ್ತು. ಅಂದರೆ ಏನೂ ಇಲ್ಲ. ಇನ್ನೂ ಬೇಸರದ ಸಂಗತಿ, ಹಳದಿ ದೀಪ ಎರಡೂ ಬಗೆಯ ವಾರಗಳಲ್ಲಿ ಬಂದಿತ್ತು.

"ಸೋ, ಅಮ್ಮ ವಾಸ್ ರಾಂಗ್" ಎಂದಳು ಮಗಳು. ಗೆದ್ದ ದನಿಯಲ್ಲಿ ಅಲ್ಲ. ಅವಳಿಗೂ ಬೇರೆ ಉತ್ತರ ಬೇಕಿತ್ತು ಎಂದು ಆಗ ಗೊತ್ತಾಯಿತು.

ಮರುವಾರ ವ್ಯಾನ್ ಶಕ್ತಿ ಕಳೆದುಕೊಂಡಿತು. ಏರು ರಸ್ತೆಯಲ್ಲಿ ಪೆಡಲ್ ಪೂರ್ತಿ ಒತ್ತಿದರೂ ಎತ್ತಿನ ಗಾಡಿಯ ವೇಗ. ಹಳದಿ ದೀಪದ ಜೊತೆಗೆ ಇನ್ನೊಂದು ದೀಪ. ಹಿಂದಿನಿಂದ ಹಾರ್ನ್. ಹೇಗೋ ತೆವಳಿಕೊಂಡು ಈಸ್ಟ್ ತಮಾಕಿಯ ಒಂದು ವರ್ಕ್‌ಶಾಪ್ ಮುಟ್ಟಿದೆ. ಅಲ್ಲಿನ ಡೀಸೆಲ್ ಮೆಕ್ಯಾನಿಕ್ ಧಾರವಾಡದ ಕಡೆಯ ಹುಡುಗ, ಓದಲು ಬಂದು ಇಲ್ಲೇ ನೆಲೆಸಿದವನು. ಈಗ ಎರಡು ಮಕ್ಕಳ ತಂದೆ, ನನಗೆ ಹುಡುಗ ಅಷ್ಟೆ. ಅಲ್ಲಿಯವರೆಗೆ ಅವನ ಹತ್ತಿರ ಹೋಗದೇ ಇದ್ದದ್ದು ನನ್ನದೇ ಮೊಂಡುತನ. ಅವನು ಗಾಡಿ ಸತ್ತಿದೆ ಎಂದುಬಿಟ್ಟರೆ ಎಂಬ ಹೆದರಿಕೆ.

ಬಕೆಟ್ಟುಗಳು ಬಿಸಿಲಿಗೆ ಹುಳಿಯಾಗುತ್ತವೆಂದು ಮೊದಲು ಅವನ್ನು ತನ್ನ ಯೂಟ್ ಎಂಬ ಪಿಕಪ್ ಗಾಡಿಗೆ ಹಾಕಿಕೊಂಡು ಅಡುಗೆಮನೆಯ ಫ್ರಿಜ್ಜಿಗೆ ಸೇರಿಸಿ ಬಂದ. ಆಮೇಲೆ ಲ್ಯಾಪ್‌ಟಾಪ್ ತಂದು ಸ್ಟಿಯರಿಂಗ್ ಕೆಳಗೆ ತಂತಿ ಸಿಕ್ಕಿಸಿದ.

"ಕಾಕಾ, ಇದಕ್ಕ ಏನ್ ಉಣ್ಣಾಕ ಹಾಕೀರಿ?"

"ಪ್ರೀಮಿಯಂ ಹಾಕ್ದೆ, ಸಾಮಾನ್ಯಾನೂ ಹಾಕ್ದೆ. ಎರಡಕ್ಕೂ ದೀಪ ಬಂತು ಕಣಪ್ಪ."

"ಊಟ ಎರಡೂ ಛಲೋನ ಅದಾವ್ರಿ. ತುಟ್ಟೀದ್ರಾಗ ಇಂಜೆಕ್ಟರ್ ತೊಳಿಯೂ ಔಷಧ ಸ್ವಲ್ಪ ಜಾಸ್ತಿ ಇರ್ತೈತಿ. ಆದ್ರ ಇದರ ರೋಗ ಊಟದ್ದಲ್ಲ. ಉಂಡ ಮ್ಯಾಲೆ ಓಡಾಡೂದು ಬ್ಯಾಡೇನ್ರಿ?"

ಅವನು ಬಿಡಿಸಿ ಹೇಳಿದ್ದು ಹೀಗೆ. ಈ ಕಾಲದ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಹಳದಿ ದೀಪದ ಡಬ್ಬಿ ಅದೇ, ಚುಕ್ಕೆಗಳು ಮಸಿ. ಮಸಿ ತುಂಬಿದಾಗ ಎಂಜಿನ್ ಒಂದಿಷ್ಟು ಹೆಚ್ಚು ಡೀಸೆಲ್ ಬಿಟ್ಟು ಫಿಲ್ಟರನ್ನು ಕಾಯಿಸಿ, ಮಸಿಯನ್ನು ಒಳಗೇ ಸುಟ್ಟು ಬೂದಿ ಮಾಡುತ್ತದೆ. ಅದಕ್ಕೆ ಗಾಡಿ ಇಪ್ಪತ್ತು ಇಪ್ಪತ್ತೈದು ನಿಮಿಷ ಒಂದೇ ಸಮ ಓಡುತ್ತಿರಬೇಕು. ಎರಡು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಆರಿಸಿದರೆ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಆಯಿಲ್ ನೋಡುವ ಕಡ್ಡಿ ಎಳೆದು ಮೂಸಿದ, ನನ್ನ ಮೂಗಿಗೂ ಹಿಡಿದ. "ಆಯಿಲ್ ಕಡಿಮಿ ಆಗೂದು ನೋಡೇನ್ರಿ. ಇದು ಜಾಸ್ತಿ ಆಗೇತಿ ನೋಡ್ರಿ, ಗುರುತಿನಕಿಂತ ಮ್ಯಾಲೆ. ಸುಡಾಕ ಬಿಟ್ಟ ಡೀಸೆಲ್ ಪೂರಾ ಸುಡದ ಇದರಾಗ ಇಳದೈತಿ. ಗಾಡಿ ಬಂದ್ ಮಾಡಿದ್ ಮ್ಯಾಲೆ ಫ್ಯಾನ್ ತಿರುಗತಿತ್ತೇನ್ರಿ?"

"ತಿರುಗ್ತಿತ್ತು. ಪಾಪ ದಣಿದಿದೆ ಅಂದ್ಕೊಂಡೆ."

"ದಣಿದಿದ್ದಿಲ್ಲರಿ ಕಾಕಾ. ಕೆಲಸಾ ಹಚ್ಚಿತ್ತು. ನೀವು ಒಲಿ ಆರಿಸಿಬಿಟ್ರಿ." ನಂತರ ಕೇಳಿದ, "ಮೊದ್ಲ ಕಾಕೂ ಯಾವ ದಾರಿ ಹೋಗ್ತಿದ್ರು? ಹೈವೇ ಎಲ್ಲಿ ಹಿಡೀತಿದ್ರು?"

ಅವಳ ದಾರಿ ಹೇಳಿದೆ. ವಾರಕ್ಕೆ ಮೂರು ದಿನ, ಫ್ಲ್ಯಾಟ್ ಬುಷ್ ಮುಗಿಸಿ, ಮೋಟರ್‌ವೇ ಹಿಡಿದು, ಕೊಲ್ಲಿಯ ಸೇತುವೆ ದಾಟಿ ನ್ಯೂ ಲಿನ್.

ಒಂದು ಸಲಕ್ಕೆ ಒಂದೇ ಬದಲಿಸಬೇಕು ಎಂಬ ಕ್ರಮವನ್ನು ಇಷ್ಟು ವರ್ಷ ಹಿಟ್ಟಿನಲ್ಲಿ ಪಾಲಿಸಿದವನು, ಅವಳು ಹೋದ ಮೇಲೆ ಒಂದೇ ವಾರದಲ್ಲಿ ಎರಡನ್ನು ಬದಲಿಸಿದ್ದೆ. ಡೀಸೆಲನ್ನೂ ಬದಲಿಸಿದ್ದೆ, ದಾರಿಯನ್ನೂ ಬದಲಿಸಿದ್ದೆ. ಆಮೇಲೆ ಏಳೆಂಟು ವಾರ ಡೀಸೆಲನ್ನು ಮಾತ್ರ ಅಳೆದೆ. ದಾರಿಯ ಕಡೆ ನೋಡಲೇ ಇಲ್ಲ. ನೋಡಬಾರದೆಂದೇ ನೋಡಿರಲಿಲ್ಲ.

ಮಸಿ ನೂರಕ್ಕೆ ಎಂಬತ್ತು ತುಂಬಿತ್ತು. ಇನ್ನೂ ಸ್ವಲ್ಪ ದಾಟಿದ್ದರೆ ಲ್ಯಾಪ್‌ಟಾಪ್ ಮೂಲಕ ಸುಡಲೂ ಆಗುತ್ತಿರಲಿಲ್ಲವಂತೆ, ಹೊಸ ಫಿಲ್ಟರ್ ಹಾಕಿಸಬೇಕಿತ್ತು. ಹೊಸ ಫಿಲ್ಟರ್ ಹಾಕಿಸುವುದೆಂದರೆ ನಮ್ಮ ವ್ಯಾನಿನ ಬೆಲೆಗಿಂತ ಹೆಚ್ಚು. ಆಯಿಲ್ ಬದಲಿಸಿ, ವ್ಯಾನನ್ನು ಅಂಗಳಕ್ಕೆ ತಂದು, ಲ್ಯಾಪ್‌ಟಾಪಿನಿಂದ ಆಜ್ಞೆ ಕೊಟ್ಟ. ಯಾರೂ ಕೂರದ ಗಾಡಿ ತಾನೇ ಗುಡುಗತೊಡಗಿತು. ಹೊಗೆಕೊಳವೆಯ ಹಿಂದೆ ಗಾಳಿ ನಡುಗುತ್ತಿತ್ತು. ಅರ್ಧ ಗಂಟೆ ಇಬ್ಬರೂ ಪರದೆ ನೋಡುತ್ತ ನಿಂತೆವು. ಎಪ್ಪತ್ತು, ಅರವತ್ತೈದು, ಐವತ್ತು. ನಲವತ್ತರಲ್ಲಿ ಒಂದು ಸಲ ನಿಂತಿತು. ಮತ್ತೆ ಇಳಿಯಿತು.

"ಜೀವ ಐತ್ರಿ" ಎಂದ. "ಆದ್ರ ವಾರಕ್ಕ ಎರಡ್ ಸಲ ಓಡಿಸಾಕ ಬೇಕು. ಸುಮ್ನ ಬಾಂಬೆ ಹಿಲ್ಸ್ ತನಕ ಹೋಗಿ ಬರ್ರಿ. ನಾಕನೇ ಗೇರ್, ಆರ್‌ಪಿಎಂ ಕಾಟಾ ಎರಡ್ ಸಾವಿರದ ಮ್ಯಾಲೆ ಇರಲಿ."

ಹೋದೆ. ಆಕ್ಲೆಂಡಿನ ದಕ್ಷಿಣಕ್ಕೆ ಒಂದು ಬಾಂಬೆ ಇದೆ, ಸಣ್ಣ ಗುಡ್ಡ, ಈರುಳ್ಳಿ ಹೊಲಗಳು. ಖಾಲಿ ವ್ಯಾನ್ ಓಡಿಸಿಕೊಂಡು ಹೋಗಿ, ಒಂದು ಕಾಫಿ ಕುಡಿದು ವಾಪಸು ಬಂದೆ. ದೀಪ ಬರಲಿಲ್ಲ. ಎರಡನೆಯ ಸಲ ಹೋಗುವಾಗ ಗಾಜಿಗೆ ಅಂಟಿಸಿದ ಚೀಟಿಯ ಮೇಲೆ ಕಣ್ಣು ಬಿತ್ತು. ಇಲ್ಲಿ ಡೀಸೆಲ್ ಗಾಡಿಯ ರಸ್ತೆ ತೆರಿಗೆಯನ್ನು ಓಡಿಸುವ ಕಿಲೋಮೀಟರಿನ ಲೆಕ್ಕದಲ್ಲಿ ಮೊದಲೇ ಕೊಂಡು, ಚೀಟಿಯನ್ನು ಗಾಜಿಗೆ ಅಂಟಿಸಬೇಕು. ಕಿಲೋಮೀಟರ್ ಉಳಿಸುತ್ತಿದ್ದೇನೆ ಎಂದು ನ್ಯೂ ಲಿನ್ ಬಿಟ್ಟದ್ದಕ್ಕೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈಗ ಅದೇ ಕಿಲೋಮೀಟರುಗಳನ್ನು ಈರುಳ್ಳಿ ಹೊಲ ನೋಡಲು ಸುರಿಯುತ್ತಿದ್ದೆ. ಬಾಂಬೆಗೂ ನ್ಯೂ ಲಿನ್‌ಗೂ ಹೋಗಿ ಬರುವ ದೂರ ಹೆಚ್ಚುಕಡಿಮೆ ಒಂದೇ. ಒಂದು ದಿಕ್ಕಿಗೆ ಖಾಲಿ ಗಾಡಿ, ಇನ್ನೊಂದು ದಿಕ್ಕಿಗೆ ಹದಿನಾಲ್ಕು ಬಕೆಟ್ ಹಿಟ್ಟು.

ಗುಡ್ಡದ ಮೇಲೆ ವ್ಯಾನ್ ನಿಲ್ಲಿಸಿ, ಎಂಜಿನ್ ಆರಿಸದೆ, ನ್ಯೂ ಲಿನ್ ಅಂಗಡಿಗೆ ಫೋನ್ ಮಾಡಿದೆ. ಶನಿವಾರದಿಂದ ಬರುತ್ತೇನೆ ಎಂದೆ. ಅಂಗಡಿಯಾಕೆ, "ಬನ್ನಿ. ಎಂಟು ಬಕೆಟ್ ತನ್ನಿ" ಎಂದರು.

ಶನಿವಾರ ಮಗಳು ಕೇಳದೆಯೇ ಬಂದು ಪಕ್ಕದ ಸೀಟಿನಲ್ಲಿ ಕೂತಳು. ಎರಡು ಬೆಲ್ಟುಗಳಿಂದ ಬಕೆಟ್ ಸಾಲು ಬಿಗಿದದ್ದು ಸರಿಯಿದೆಯೇ ಎಂದು ಎರಡು ಸಲ ತಿರುಗಿ ನೋಡಿದಳು. ಮೋಟರ್‌ವೇ ಹತ್ತುತ್ತಲೇ ನಾಲ್ಕನೆಯ ಗೇರಿಗೆ ಹಾಕಿ ಹಿಡಿದೆ.

"ಫಿಫ್ತ್ ಗೇರ್, ಅಪ್ಪಾ. ಇಟ್ಸ್ ಸ್ಕ್ರೀಮಿಂಗ್."

"ಕಿರುಚಲಿ ಬಿಡು. ಮಸಿ ಸುಡ್ತಾ ಇದೆ."

"ಅಮ್ಮ ಕೂಡ ಹೀಗೇ ಓಡಿಸ್ತಿದ್ರು. ಐ ಥಾಟ್ ಶೀ ಡಿಡಂಟ್ ನೋ ಹೌ ಟು ಡ್ರೈವ್." ಅವಳು ಕನ್ನಡದಲ್ಲಿ ಒಂದು ವಾಕ್ಯ ಪೂರ್ತಿ ಹೇಳಿದ್ದನ್ನು ನಾನು ಗಮನಿಸಿದೆ, ಆಡಿ ತೋರಿಸಲಿಲ್ಲ.

ಸೇತುವೆಯ ಕೆಳಗೆ ಸಮುದ್ರದ ನೀರು ಇಳಿದು ಕೆಸರು ಹೊಳೆಯುತ್ತಿತ್ತು. ಎಂಜಿನ್ ಶಬ್ದ ಒಂದು ಹದಕ್ಕೆ ಬಂದು ನಿಂತಿತು. ಮೋಟರ್‌ವೇ ಬಿಟ್ಟು ನ್ಯೂ ಲಿನ್ ಕಡೆಗೆ ಇಳಿದೆ.

ಅಂಗಡಿಯ ಹಿಂಬಾಗಿಲ ಬಳಿ ಹಾಲಿನ ಕ್ರೇಟುಗಳು, ಒಂದು ಒದ್ದೆ ಮಾಪು, ಕಾಂಕ್ರೀಟು ನೆಲ. ಆರು ತಿಂಗಳು ನಾನು ಕಣ್ಣು ಮುಚ್ಚಿದಾಗೆಲ್ಲ ಕಂಡ ಜಾಗ ಇಷ್ಟೇ ಇತ್ತು. ಮಗಳು ಮಾಪನ್ನು ಪಕ್ಕಕ್ಕಿಟ್ಟಳು. ನಾನು ಮೊದಲ ಬಕೆಟ್ ಇಳಿಸಿದೆ.

ಅಂಗಡಿಯಾಕೆ ಮಂಗಳೂರಿನವರು. ಕಣ್ಣೊರೆಸಿಕೊಂಡು, ತಕ್ಷಣ ಮುಚ್ಚಳ ತೆಗೆದು ಮೂಸಿದರು.

"ಎಂತ, ನೀವೂ ವಾಸನೆ ನೋಡ್ತೀರಾ?" ಎಂದೆ. ಆ ಮೂರು ಬಕೆಟ್ಟುಗಳ ಕಥೆ ಇವರಿಗೂ ಮುಟ್ಟಿತೇ ಎಂದು ನನಗೆ ಅನುಮಾನ.

"ಅಭ್ಯಾಸ ಮಾರಾಯ್ರೆ. ಈ ವ್ಯಾನ್ ತಂದ ಹೊಸತರಲ್ಲಿ ಒಮ್ಮೆ ಬಕೆಟ್ ತೆರೆದರೆ ಗ್ಯಾರೇಜಿನ ಹಾಗೆ ವಾಸನೆ. ನಾಲ್ಕು ಬಕೆಟ್ ವಾಪಸ್ ಕೊಟ್ಟೆ ನಾನು. ಅಕ್ಕ ನಿಮಗೆ ಹೇಳ್ಲಿಲ್ವಾ?"

"ಚೆಲ್ಲಿತು ಅಂದಿದ್ಲು."

"ನಿಮಗೆ ಹೇಳುದಿಲ್ಲ ಅಂತ ನನ್ನ ಹತ್ರ ಹೇಳಿದ್ರು. ಹಿಟ್ಟು ವಾಪಸ್ ಬಂತು ಅಂತ ಗೊತ್ತಾದ್ರೆ ನೀವು ಊಟ ಬಿಡ್ತೀರಂತೆ." ಅವರು ಮುಚ್ಚಳ ಒತ್ತಿ ಮುಚ್ಚಿದರು. "ಮರುದಿನ ಬಂದು ಎರಡೂ ಕೈ ನನ್ನ ಮೂಗಿಗೆ ಹಿಡಿದ್ರು. ಈಗ ಮೂಸಿ ನೋಡು ಅಂತ. ಅಲ್ಲಿ ಕೆಳಗಿನ ಬಂಕಿನಲ್ಲಿ ಜಾಸ್ತಿ ರೇಟಿನ ಡೀಸೆಲ್ ಉಂಟಲ್ಲ, ಅದು ನೊರೆ ಬರುದಿಲ್ಲವಂತೆ, ಕೈಗೆ ಹಾರುದಿಲ್ಲವಂತೆ. ಮತ್ತೆ ಒಂದು ದಿನ ಸಹ ವಾಸನೆ ಬರ್ಲಿಲ್ಲ."

ಮಗಳು ನನ್ನ ಮುಖ ನೋಡಿದಳು. ಆರು ವಾರದ ಚೀಟಿಗಳಲ್ಲಿ ಲೀಟರ್ ಇತ್ತು, ಕಿಲೋಮೀಟರ್ ಇತ್ತು, ಟೈರಿನ ಗಾಳಿ ಇತ್ತು. ನೊರೆಯನ್ನು ನಾವು ಅಳತೆಗೆ ಬಂದ ಅಡ್ಡಿ ಎಂದು ಬಿಟ್ಟಿದ್ದೆವು.

ಆ ದಿನ ಸಂಜೆ ಹಂಚಿಕೆ ವ್ಯಾಪಾರಿಗೆ ಫೋನ್ ಮಾಡಿ, ಸುತ್ತು ನಾನೇ ಇಟ್ಟುಕೊಳ್ಳುತ್ತೇನೆ ಎಂದೆ. ಸೆಪ್ಟೆಂಬರ್ ಮುಗಿಯಲು ಇನ್ನೂ ಒಂಬತ್ತು ದಿನ ಇತ್ತು. ಮಗಳು ಶನಿವಾರಗಳನ್ನು ತಾನು ನೋಡಿಕೊಳ್ಳುತ್ತೇನೆಂದು ಹೇಳಿದ್ದಾಳೆ. ವ್ಯಾನಿನ ದೀಪ ಆಮೇಲೆ ಬಂದಿಲ್ಲ. ಮೆಕ್ಯಾನಿಕ್ ತಿಂಗಳಿಗೊಮ್ಮೆ ಕಡ್ಡಿ ಎಳೆದು ಮೂಸುತ್ತಾನೆ, ಸಂಬಳಕ್ಕೆ ಒಂದು ಬಕೆಟ್ ಹಿಟ್ಟು ಒಯ್ಯುತ್ತಾನೆ.

ಪ್ರೀಮಿಯಂ ಡೀಸೆಲ್ ಆ ದುಡ್ಡಿಗೆ ತಕ್ಕದ್ದೇ ಎಂದು ನಮ್ಮವರು ಕೆಲವರು ನನ್ನನ್ನು ಈಗ ಕೇಳುತ್ತಾರೆ. ಮೈಲೇಜಿಗೆ ಅಂತ ಕೊಳ್ಳಬೇಡಿ, ನನ್ನ ಗಾಡಿಯಲ್ಲಿ ಏನೂ ಸಿಗಲಿಲ್ಲ ಎನ್ನುತ್ತೇನೆ. ಫಿಲ್ಟರ್ ಉಳಿಸಲು ಅಂತ ಕೊಳ್ಳಬೇಡಿ, ಅದಕ್ಕೆ ಒಂದೇ ಸಮ ಓಡುವ ರಸ್ತೆ ಬೇಕು. ಸುತ್ತು ಮುಗಿದು ಖಾಲಿ ಗಾಡಿಗೆ ತುಂಬಿಸುವ ದಿನ ನಾನೂ ಸಾಮಾನ್ಯ ಡೀಸೆಲ್ ಹಾಕಿಸುತ್ತೇನೆ, ಮನೆಗೆ ಹೋಗಿ ಕೈ ತೊಳೆಯುತ್ತೇನೆ. ಬಕೆಟ್ ಹೇರಿಕೊಂಡು ನಡುದಾರಿಯಲ್ಲಿ ತುಂಬಿಸಬೇಕಾದ ದಿನ ಪ್ರೀಮಿಯಂ. ಆ ಹೆಚ್ಚಿನ ಸೆಂಟುಗಳು ಎಂಜಿನ್ನಿಗಲ್ಲ, ಹಿಟ್ಟಿಗೆ. ನನ್ನ ಹಿಟ್ಟಿಗೆ ಅವಳು ಏಳು ವರ್ಷ ಅದನ್ನು ಕೊಟ್ಟಳು. ನಾನು ಗಾಡಿಯ ಖರ್ಚು ಎಂದುಕೊಂಡಿದ್ದೆ.

ಆ ಮೊದಲ ಶನಿವಾರ ಇನ್ನೊಂದು ಅಂಗಡಿಗೆ ಆರು ಬಕೆಟ್ ಕೊಡುವುದು ಬಾಕಿಯಿತ್ತು, ಟ್ಯಾಂಕ್ ಕಾಲು ಭಾಗಕ್ಕಿಳಿದಿತ್ತು. ಕೆಳಗಿನ ಬಂಕಿಗೆ ಹೋದೆವು. ನನ್ನ ಹೆಂಡತಿ ನಿಲ್ಲಿಸುತ್ತಿದ್ದ ಪಂಪು ಯಾವುದೆಂದು ಕೇಳಬೇಕಾಗಲಿಲ್ಲ, ಪ್ರೀಮಿಯಂ ಇದ್ದದ್ದು ಒಂದೇ. ಕೈಗವಸು ಹಾಕಿಕೊಳ್ಳದೆ ನಾಜಲ್ ಹಿಡಿದೆ. ಬಾಯಿಯವರೆಗೆ ತುಂಬಿತು. ಒಂದು ಸಲ ಟಕ್ ಎಂದಿತು, ನೊರೆ ಮೇಲೆ ಬರಲಿಲ್ಲ. ಮುಚ್ಚಳ ತಿರುಗಿಸಿ ಸೀಟಿಗೆ ಬಂದು ಕೂತೆ.

ಮಗಳು ನನ್ನ ಬಲಗೈ ಎಳೆದುಕೊಂಡು ಮೂಗಿಗೆ ಹಿಡಿದಳು. ಅಂಗೈ ಮೂಸಿದಳು, ತಿರುಗಿಸಿ ಹಿಂಗೈ ಮೂಸಿದಳು, ತೋಳನ್ನೂ ಮೂಸಿದಳು.

"ನಥಿಂಗ್" ಎಂದಳು. ಮತ್ತೆ ಕನ್ನಡದಲ್ಲಿ, "ಏನೂ ಇಲ್ಲ ಅಪ್ಪಾ. ನಡಿ."